ಹದಿಮೂರು ಮಾತ್ರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆಂಟು ವರ್ಷ ಲಾರಿಯವರ ಜೊತೆ ಏಗಿದವನಿಗೆ ಇನ್ನೆಲ್ಲಿರಬೇಕು ಹೇಳಿ. ಹಳೆ ಕಬ್ಬಿಣ ಕರಗಿಸುವ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಲಾರಿಗಳನ್ನು ಲೋಡ್ ಸಮೇತ ತೂಗುವ ವೇಬ್ರಿಡ್ಜ್ ಇದೆ. ಅದರ ಪಕ್ಕದ ಗಾಜಿನ ಕೋಣೆಯಲ್ಲಿ ಕೂರುವವನು ನಾನು. ಲಾರಿ ತುಂಬಿಕೊಂಡು ಬಂದಾಗ ಒಂದು ಸಲ ತೂಕ, ಇಳಿಸಿ ಖಾಲಿಯಾದ ಮೇಲೆ ಇನ್ನೊಂದು ಸಲ. ಎರಡರ ವ್ಯತ್ಯಾಸವೇ ಸರಕು. ಕೇಳುವುದಕ್ಕೆ ಸುಲಭ. ಆದರೆ ಈ ಎರಡು ತೂಕಗಳ ನಡುವೆ ಮನುಷ್ಯ ಎಷ್ಟು ಬಗೆಯ ಆಟ ಆಡಬಲ್ಲ ಅನ್ನುವುದು ನನ್ನನ್ನು ಕೇಳಿ. ಬರುವಾಗ ಕ್ಯಾಬಿನ್ನಿನಲ್ಲಿ ನಾಲ್ಕು ಜನ, ಹೋಗುವಾಗ ಒಬ್ಬನೇ. ಬರುವಾಗ ನೀರಿನ ಡ್ರಮ್ಮು ತುಂಬಿರುತ್ತದೆ, ಹೋಗುವಾಗ ಬರಿದು. ಎಲ್ಲರನ್ನೂ ಕೆಳಗಿಳಿಸಿ, ಡ್ರಮ್ಮಿನ ಮುಚ್ಚಳ ತೆಗೆಸಿ ನೋಡದೆ ಒಂದು ಚೀಟಿಯನ್ನೂ ನಾನು ಕೊಟ್ಟವನಲ್ಲ. ಸಿಕ್ಕಿಬಿದ್ದವನಿಗೆ ನಾನು ಕೇಳುತ್ತಿದ್ದದ್ದು ಒಂದೇ ಮಾತು: "ನಾಚಿಕೆ ಆಗಲ್ವೇನಯ್ಯಾ ನಿನಗೆ?"

ಆ ಮಾತನ್ನು ಈಗ ನಾನು ಯಾರಿಗೂ ಕೇಳುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ಹೇಳಬೇಕು, ಯಾಕೆಂದರೆ ಇದರಲ್ಲಿ ನನ್ನ ಹೆಂಡತಿಯ ಮರ್ಯಾದೆ ಇದೆ.

ಅವಳು ಶಿಶುವಿಹಾರದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಮಕ್ಕಳು 'ದೊಡ್ಡಮ್ಮ' ಅನ್ನುತ್ತವೆ. ಮಕ್ಕಳೇನು ಬಂತು, ಅವುಗಳ ಅಪ್ಪ ಅಮ್ಮಂದಿರೂ ಹಾಗೇ ಕರೆಯುತ್ತಾರೆ. ಅಲ್ಲಿ ಅವಳಿಗೆ ಹತ್ತು ಕೆಲಸ, ಆದರೆ ಮುಖ್ಯವಾದದ್ದು ಔಷಧಿ ಕಪಾಟು. ಬೆಳಿಗ್ಗೆ ತಾಯಂದಿರು ಸಣ್ಣ ಬಾಟಲಿಗೆ ಚೀಟಿ ಅಂಟಿಸಿ ಕೊಟ್ಟು ಹೋಗುತ್ತಾರೆ, ಇದು ಊಟದ ಮೊದಲು ಅರ್ಧ ಚಮಚ, ಇದು ಮಲಗೆದ್ದ ಮೇಲೆ ನಾಲ್ಕು ಹನಿ. ಇಪ್ಪತ್ತಾರು ಮಕ್ಕಳು. ಒಂದು ದಿನ ಒಂದು ಹನಿ ಹೆಚ್ಚು ಕಮ್ಮಿ ಆದದ್ದಿಲ್ಲ. ಕಪಾಟಿನ ಬೀಗದ ಕೈ ನೀಲಿ ದಾರದಲ್ಲಿ ಅವಳ ಕೊರಳಲ್ಲೇ ಇರುತ್ತಿತ್ತು. ಮನೆಗೆ ಬಂದರೂ ತೆಗೆಯುತ್ತಿರಲಿಲ್ಲ, ಸ್ನಾನಕ್ಕೆ ಹೋಗುವಾಗ ಮಾತ್ರ ಮೊಳೆಗೆ ನೇತುಹಾಕುತ್ತಿದ್ದಳು.

ಅವಳಿಗೆ ಐದು ವರ್ಷದಿಂದ ಬಿಪಿ. ದಿನಾ ಬೆಳಿಗ್ಗೆ ಒಂದು ಮಾತ್ರೆ. ಒಂದನೇ ತಾರೀಕು ಹತ್ತು ಹತ್ತರ ಮೂರು ಶೀಟು ತಂದು ಅಡುಗೆಮನೆಯ ತಗಡಿನ ಡಬ್ಬಿಯಲ್ಲಿ ಇಡುತ್ತಾಳೆ, ಖಾಲಿ ಶೀಟನ್ನೂ ಅದರಲ್ಲೇ ಇಟ್ಟಿರುತ್ತಾಳೆ, ಮುಂದಿನ ಸಲ ಅಂಗಡಿಯವನಿಗೆ ತೋರಿಸಲು. ನಾನು ಆ ಡಬ್ಬಿ ಕಂಡಾಗಲೆಲ್ಲ "ಶುರುವಾಯ್ತು ಇವಳ ಔಷಧಿ ಅಂಗಡಿ" ಅಂತ ಹಂಗಿಸುತ್ತಿದ್ದೆ. "ನನ್ನ ನೋಡು, ಗುಂಡುಕಲ್ಲು! ಈ ವಯಸ್ಸಿಗೂ ಒಂದು ಮಾತ್ರೆ ಮುಟ್ಟಿದವನಲ್ಲ" ಅಂತ ಎದೆ ತಟ್ಟಿಕೊಳ್ಳುತ್ತಿದ್ದೆ. ಈ ಮಾತು ನಾನು ಎಷ್ಟು ಕಡೆ ಹೇಳಿದ್ದೆನೆಂದರೆ ಲಾರಿಯವರೂ ನನಗೆ ಗುಂಡುಕಲ್ಲು ಅಂತಲೇ ಹೆಸರಿಟ್ಟಿದ್ದರು.

ನಿಜ ಏನೆಂದರೆ, ನನ್ನ ಗಾಜಿನ ಕೋಣೆಗೆ ಒಂಬತ್ತು ಮೆಟ್ಟಿಲು. ಒಂದು ವರ್ಷದಿಂದ ಆರನೇ ಮೆಟ್ಟಿಲಿನ ಹತ್ತಿರ ಎದೆ ಹಿಡಿದಂತಾಗುತ್ತಿತ್ತು. ಅಲ್ಲಿ ನಿಂತು ಲಾರಿಗಳ ಸಾಲು ಎಣಿಸುವವನ ಹಾಗೆ ನಟಿಸಿ, ಉಸಿರು ಸಿಕ್ಕ ಮೇಲೆ ಉಳಿದ ಮೂರು ಹತ್ತುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಪ್ಯಾಂಟು ಹೊಲಿಸಲು ಭಾವಮೈದನ ಅಂಗಡಿಗೆ ಹೋದೆ. ಹೆಂಡತಿಯ ತಮ್ಮ, ದರ್ಜಿ, ನನಗಿಂತ ಮೂರು ವರ್ಷಕ್ಕೆ ಚಿಕ್ಕವನು. ಟೇಪು ಸುತ್ತಿದ. ನಾನು ಹೊಟ್ಟೆ ಎಳೆದುಕೊಂಡು ನಿಂತೆ.

"ಭಾವ, ಉಸಿರು ಬಿಡಿ."

"ಬಿಟ್ಟೇ ಇದ್ದೀನಿ ಕಣಯ್ಯ."

"ಎಲ್ಲಿ ಬಿಟ್ಟಿದ್ದೀರಿ, ಮುಖ ಕೆಂಪಗಾಗಿದೆ. ಹೀಗೆ ಎಳ್ಕೊಂಡು ಅಳತೆ ಕೊಟ್ರೆ ನಾಳೆ ನಡುಬೀದೀಲಿ ಹೊಲಿಗೆ ಬಿಟ್ಟುಹೋಗುತ್ತೆ, ಆಗ ನನ್ನ ಬೈಬೇಡಿ."

ಉಸಿರು ಬಿಟ್ಟೆ. "ನಲವತ್ತನಾಲ್ಕು!" ಅಂತ ಕೂಗಿದ, ಹರಾಜು ಕೂಗುವವನ ಹಾಗೆ. ಅಂಗಡಿಯಲ್ಲಿ ಬಟ್ಟೆ ಹಿಡಿದು ನಿಂತಿದ್ದ ಮೂವರು ಹೆಂಗಸರು ಗೋಡೆ ಕಡೆ ತಿರುಗಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಮೂರು ತಿಂಗಳಿಂದ ಬಡಾವಣೆಯ ಜಿಮ್ಮಿಗೆ ಹೋಗುತ್ತಿದ್ದ, ಸೊಂಟ ಬೇರೆ ಸಣ್ಣಗಾಗಿತ್ತು. "ನೀವೂ ಬನ್ನಿ ಭಾವ, ಆದ್ರೆ ನಿಮ್ಮ ಕೈಲಿ ಆಗುತ್ತಾ ನೋಡ್ಕೊಳ್ಳಿ" ಅಂದ. ಅಷ್ಟು ಅಂದದ್ದೇ ತಡ, "ಸೋಮವಾರ ಬರ್ತೀನಿ, ನಿನ್ನನ್ನ ಮೀರಿಸ್ತೀನಿ" ಅಂತ ಎಲ್ಲರ ಮುಂದೆ ಸವಾಲು ಹಾಕಿ ಬಂದೆ.

ಜಿಮ್ಮಿನ ಕೋಚ್ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸು. ಸಣಕಲಿ, ಆದರೆ ದನಿ ಗಟ್ಟಿ. ಮೊದಲು ಒಂದು ಕಾಗದ ಕೊಟ್ಟಳು. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆಯೇ? ತಲೆ ಸುತ್ತುತ್ತದೆಯೇ? ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದೆಯೇ? ಎಂಟು ಪ್ರಶ್ನೆ. ನಾನು ಓದಿದೆ ಅಂತ ಸುಳ್ಳು ಹೇಳುವುದಿಲ್ಲ. ಮೊದಲನೆಯದನ್ನು ಓದಿದೆ, ಮುಖಕ್ಕೆ ಹೊಡೆದ ಹಾಗಾಯಿತು. ಎಂಟಕ್ಕೂ 'ಇಲ್ಲ' ಅಂತ ಗೀಚಿ ಕೊಟ್ಟೆ.

"ಐವತ್ತು ದಾಟಿದವರಿಗೆ ಡಾಕ್ಟರ್ ಚೀಟಿ ಬೇಕು ಅಂಕಲ್" ಅಂದಳು.

"ನನ್ನ ನೋಡಿದ್ರೆ ಕಾಯಿಲೆಯವನ ಹಾಗೆ ಕಾಣ್ತೀನೇನಮ್ಮ?"

"ನೋಡಿದ್ರೆ ಗೊತ್ತಾಗಲ್ಲ ಅಂತಾನೇ ಕೇಳ್ತಿರೋದು. ಚೀಟಿ ತನ್ನಿ, ಆಮೇಲೆ ಬನ್ನಿ."

ನಮ್ಮ ಬೀದಿಯ ಡಾಕ್ಟರಮ್ಮ ಹಳೆಯ ಕೈ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಒಂದು ಸಲ ನೋಡಿ, ಐದು ನಿಮಿಷ ಕೂರಿಸಿ ಇನ್ನೊಂದು ಸಲ ನೋಡಿದರು. ನೂರ ಐವತ್ತೆಂಟಕ್ಕೆ ತೊಂಬತ್ತೆಂಟು. "ಜಾಸ್ತಿ ಇದೆ. ಇವತ್ತೇ ಚೀಟಿ ಕೊಡೋಕೆ ಆಗಲ್ಲ. ಉಪ್ಪು ಕಡಿಮೆ ಮಾಡಿ, ಇವತ್ತು ಮೂರನೇ ತಾರೀಕು, ಹನ್ನೆರಡಕ್ಕೆ ಬನ್ನಿ. ಆಗಲೂ ಇಷ್ಟೇ ಇದ್ರೆ ಇಸಿಜಿ ಮಾಡಿಸಿ ಔಷಧಿ ಶುರು ಮಾಡೋಣ. ಎದೆನೋವು ಏನಾದ್ರೂ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಎಂಟು ಸಲ ಬರೆದ ಮಾತು, ಬಾಯಿಗೆ ಸಲೀಸಾಗಿ ಬಂತು.

ಅಲ್ಲಿಂದ ಮನೆಗೆ ನಡೆಯುತ್ತಾ ನನ್ನ ತಲೆ ಓಡಿದ್ದು ಲಾರಿ ಡ್ರೈವರನ ತಲೆಯ ಹಾಗೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರೆ ಆಯಿತು, ಚೀಟಿ ಸಿಕ್ಕರೆ ಆಯಿತು. ಒಳಗೆ ಏನು ತುಂಬಿದೆ ಅನ್ನುವುದು ಯಾರಿಗೆ ಬೇಕು? ಮನೆಯಲ್ಲಿ ಹೆಂಡತಿ ಇನ್ನೂ ಬಂದಿರಲಿಲ್ಲ. ಅಡುಗೆಮನೆಗೆ ಹೋಗಿ ತಗಡಿನ ಡಬ್ಬಿ ತೆಗೆದೆ. ಮೇಲಿನ ಶೀಟಿನಲ್ಲಿ ಅವಳು ಮೂರು ತೆಗೆದಿದ್ದಳು. ಅದನ್ನು ಮುಟ್ಟಲಿಲ್ಲ, ಅಷ್ಟು ಬುದ್ಧಿವಂತ ನಾನು. ಕೆಳಗಿನ ಮೂರನೇ ಶೀಟಿನಿಂದ ಒಂದು ಒತ್ತಿ ತೆಗೆದು ನುಂಗಿ, ಶೀಟನ್ನು ಮೊದಲಿದ್ದ ಹಾಗೇ ಕೆಳಗಿಟ್ಟೆ.

ಅವತ್ತಿನಿಂದ ದಿನಕ್ಕೊಂದು, ಒಂಬತ್ತು ದಿನ. ಹನ್ನೆರಡನೇ ತಾರೀಕು ಇರಲಿ ಅಂತ ಎರಡು. ಡಾಕ್ಟರಮ್ಮನ ಪಟ್ಟಿಯಲ್ಲಿ ನೂರ ಇಪ್ಪತ್ತೆಂಟಕ್ಕೆ ಎಂಬತ್ತೆರಡು ಬಂತು. "ಪರವಾಗಿಲ್ವೇ, ಉಪ್ಪು ಬಿಟ್ಟಿದ್ದಕ್ಕೇ ಇಷ್ಟು ಇಳೀತಾ? ಮಾತ್ರೆ ಗೀತ್ರೆ ಏನೂ ತಗೊಂಡಿಲ್ಲ ತಾನೆ?" ಅಂದರು. "ಛೆ ಛೆ, ಮಾತ್ರೆ ಅಂದ್ರೆ ನನಗೆ ಆಗಲ್ಲ" ಅಂದೆ. ಚೀಟಿ ಬರೆದುಕೊಟ್ಟರು, ನಿಧಾನವಾಗಿ ಶುರು ಮಾಡಿ ಅಂತ ಹೇಳಿ ಬೆನ್ನು ಕೂಡ ತಟ್ಟಿದರು. ಜಿಮ್ಮಿನ ಮೊದಲ ಎರಡು ದಿನ ಧೈರ್ಯಕ್ಕೆ ಅಂತ ಇನ್ನೆರಡು ಮಾತ್ರೆ ನುಂಗಿದೆ. ಒಟ್ಟು ಹದಿಮೂರು, ಕೆಳಗಿನ ಶೀಟು ಮುಗಿದ ಮೇಲೆ ಕೊನೆಯ ಮೂರು ನಡುವಿನದರಿಂದ. ಆಮೇಲೆ ಬಿಟ್ಟೆ. ಡಬ್ಬಿಯ ವಿಷಯವನ್ನು ತಲೆಯಿಂದ ತೆಗೆದುಹಾಕಿದೆ. ಅವಳಿಗೆ ಕಮ್ಮಿ ಬಿದ್ದರೆ ಇನ್ನೊಂದು ಶೀಟು ತಂದುಕೊಳ್ಳುತ್ತಾಳೆ ಅಂದುಕೊಂಡೆ, ಅಷ್ಟೇ.

ಜಿಮ್ಮಿನಲ್ಲಿ ನಾನು ಮೆರೆದದ್ದೇ ಮೆರೆದದ್ದು. ಓಡುವ ಯಂತ್ರದ ಮೇಲೆ ಭಾವಮೈದನ ಪಕ್ಕದಲ್ಲೇ ನಿಂತು, ಅವನು ಎಷ್ಟು ವೇಗ ಇಟ್ಟರೆ ಅದಕ್ಕಿಂತ ಒಂದು ಹೆಚ್ಚು ಇಡುತ್ತಿದ್ದೆ. ಎರಡು ಸಲ ಕಣ್ಣು ಕತ್ತಲೆ ಬಂತು. ಕೋಚ್ ಓಡಿ ಬಂದು "ಅಂಕಲ್, ಏನಾಗ್ತಿದೆ?" ಅಂದರೆ "ಗ್ಯಾಸ್ ಕಣಮ್ಮ" ಅಂದೆ. ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನೋಡುವುದಕ್ಕೆ ನನಗೆ ಪುರುಸೊತ್ತೇ ಇರಲಿಲ್ಲ.

ಹದಿನೆಂಟನೇ ತಾರೀಕು ಬೆಳಿಗ್ಗೆ ಅವಳು ಡಬ್ಬಿ ತೆಗೆದು ಬಹಳ ಹೊತ್ತು ನಿಂತಿದ್ದಳು. "ಏನೇ ಹುಡುಕ್ತಿದ್ದೀಯ?" ಅಂದೆ. "ಏನಿಲ್ಲ" ಅಂದಳು. ಮೂರೂ ಶೀಟು ಖಾಲಿ. ಮೂವತ್ತು ಮಾತ್ರೆ ಹದಿನೇಳು ದಿನಕ್ಕೆ ಮುಗಿದಿತ್ತು. ನಾನು ಮಾತ್ರೆ ಮುಟ್ಟುವವನಲ್ಲ ಅಂತ ಊರಿಗೆಲ್ಲ ಡಂಗುರ ಸಾರಿದ್ದೆನಲ್ಲ, ನನ್ನ ಮೇಲೆ ಅವಳಿಗೆ ಅನುಮಾನ ಹೇಗೆ ಬರಬೇಕು? ನಮ್ಮ ಮಕ್ಕಳು ಬೇರೆ ಊರಲ್ಲಿ, ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಹಾಗಾದರೆ ತಿಂದದ್ದು ತಾನೇ. ತಿಂದು ಮರೆತು ಮತ್ತೆ ತಿಂದದ್ದು.

ಇನ್ನೊಬ್ಬರಾಗಿದ್ದರೆ ಅಯ್ಯೋ ಅಂದು ಸುಮ್ಮನಾಗುತ್ತಿದ್ದರು. ಆದರೆ ಅವಳ ತಾಯಿಗೆ ಮರೆವಿನ ಕಾಯಿಲೆ ಇತ್ತು. ಆರು ವರ್ಷ ನಮ್ಮ ಹಿಂದಿನ ಕೋಣೆಯಲ್ಲೇ ಇದ್ದರು. ಮೊದಲು ಒಲೆ ಆರಿಸುವುದು ಮರೆತರು, ಆಮೇಲೆ ಉಂಡದ್ದು ಮರೆತರು, ಕೊನೆಗೆ ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದು "ನೀನು ಯಾರ ಮನೆ ಹುಡುಗಿಯಮ್ಮಾ?" ಅಂತ ಕೇಳಿದರು. ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವಳು ನನ್ನ ಹೆಂಡತಿ. ಇದೆಲ್ಲ ನನ್ನ ಕಣ್ಣೆದುರೇ ನಡೆದದ್ದು.

ಆಮೇಲಿನ ದಿನಗಳಲ್ಲಿ ಗೋಡೆಯ ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಪೆನ್ಸಿಲಿನ ಚುಕ್ಕೆಗಳು ಕಾಣಿಸಿಕೊಂಡವು. ಗ್ಯಾಸ್ ಆರಿಸಿದ್ದಕ್ಕೊಂದು, ಬೀಗ ಹಾಕಿದ್ದಕ್ಕೊಂದು, ನಲ್ಲಿ ನಿಲ್ಲಿಸಿದ್ದಕ್ಕೊಂದು. ನಾನು ನೋಡಿದೆ, ಶಿಶುವಿಹಾರದ ಏನೋ ಲೆಕ್ಕ ಅಂದುಕೊಂಡೆ. ಅವಳಿಗೆ ದಿನಾ ತಲೆನೋವು. ಹೊಸ ಮಾತ್ರೆ ತಂದಿರಲಿಲ್ಲ. ಹದಿಮೂರು ಹೆಚ್ಚಿಗೆ ಹೊಟ್ಟೆಗೆ ಹೋಗಿದೆ, ತಿಂಗಳು ಮುಗಿಯುವ ತನಕ ಮುಟ್ಟದಿದ್ದರೆ ಸರಿಹೋಗುತ್ತದೆ ಅಂತ ಅವಳಷ್ಟಕ್ಕೆ ಅವಳೇ ತೀರ್ಮಾನ ಮಾಡಿಕೊಂಡಿದ್ದಳಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ಇಪ್ಪತ್ತೈದನೇ ತಾರೀಕು ಬೆಳಿಗ್ಗೆ ಒಂದು ಕಾಗದ ತಂದು ನನ್ನ ಮುಂದಿಟ್ಟಳು. "ತಪ್ಪಿದ್ರೆ ತಿದ್ದಿಕೊಡ್ರಿ. ನಮ್ಮ ಮಕ್ಕಳಿಗೆ ಫೋನಲ್ಲಿ ಏನೂ ಹೇಳ್ಬೇಡಿ."

ಶಿಶುವಿಹಾರದ ಮುಖ್ಯಸ್ಥರಿಗೆ ಬರೆದದ್ದು. 'ನನಗೆ ಇತ್ತೀಚೆಗೆ ಮರೆವು ಶುರುವಾಗಿದೆ. ನನ್ನ ಔಷಧಿಯನ್ನೇ ಎರಡೆರಡು ಸಲ ತೆಗೆದುಕೊಂಡಿದ್ದೇನೆ. ನನ್ನ ಕೈಯಿಂದ ಯಾವ ಮಗುವಿಗೂ ಕೆಟ್ಟದ್ದಾಗುವ ಮೊದಲೇ ನನ್ನನ್ನು ಕೆಲಸದಿಂದ ಬಿಡಿಸಿ. ಹತ್ತೊಂಬತ್ತು ವರ್ಷ ನನ್ನನ್ನು ನಂಬಿದ್ದಕ್ಕೆ ವಂದನೆಗಳು.'

ಹೇಳಬೇಕಾದ ಮಾತು ಒಂದೇ, ಮೂರು ಪದ. ಅದನ್ನು ಹೇಳಿದರೆ ಗುಂಡುಕಲ್ಲು ಪುಡಿಯಾಗುತ್ತಿತ್ತು, ಭಾವಮೈದನ ಕಿವಿಗೆ ಬೀಳುತ್ತಿತ್ತು, ಜಿಮ್ಮಿನಿಂದ ಹೊರಗೆ ಹಾಕುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಪೆನ್ನು ತೆಗೆದುಕೊಂಡು ಎರಡು ಕಡೆ ಕಾಗುಣಿತ ತಿದ್ದಿದೆ. ತಿದ್ದಿ ಅವಳ ಕೈಗೆ ಕೊಟ್ಟೆ. "ಚೆನ್ನಾಗಿ ಬರೆದಿದ್ದೀಯ" ಅಂತ ಬೇರೆ ಹೇಳಿದೆ. ನನ್ನ ಜನ್ಮಕ್ಕಿಷ್ಟು!

ಕೆಲಸಕ್ಕೆ ಹೋದೆ. ಹನ್ನೊಂದು ಗಂಟೆಗೆ ಬಂದ ಒಂದು ಲಾರಿಯಲ್ಲಿ ಸೀಟಿನ ಹಿಂದೆ ಕಂಬಳಿ ಹೊದ್ದು ಒಬ್ಬ ಮಲಗಿದ್ದ. ಎಳೆದು ಇಳಿಸಿದೆ. ಡ್ರೈವರ್ ಹಲ್ಲು ಗಿಂಜಿದ. "ಹೋಗ್ಲಿ ಬಿಡಿ ಅಣ್ಣ, ಒಬ್ಬ ಮನುಷ್ಯನ ತೂಕ. ಇದ್ರಿಂದ ಯಾರಿಗೇನು ತೊಂದರೆ?" ನನ್ನ ಮಾಮೂಲು ಮಾತು ಬಾಯಿಯ ತನಕ ಬಂತು, ಅಲ್ಲೇ ನಿಂತಿತು. ಡ್ರೈವರ್ ಬೈಗುಳಕ್ಕೆ ಕಾಯುತ್ತಾ ನಿಂತಿದ್ದ. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವತ್ತು ಆರನೇ ಮೆಟ್ಟಿಲಿನಲ್ಲಿ ನಿಂತಾಗ ಲಾರಿ ಎಣಿಸುವ ನಟನೆಯನ್ನೂ ಮಾಡಲಿಲ್ಲ.

ಸಂಜೆ ಅವಳು ನನಗಿಂತ ಮೊದಲೇ ಬಂದಿದ್ದಳು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಕೊರಳಲ್ಲಿ ನೀಲಿ ದಾರ ಇರಲಿಲ್ಲ. ಮುಖ್ಯಸ್ಥರು ತಿಂಗಳ ಕೊನೆಯವರೆಗೆ ಯೋಚನೆ ಮಾಡಿ ಅಂದರಂತೆ, ಆದರೆ ಬೀಗದ ಕೈ ಇಸಿದುಕೊಂಡರಂತೆ. ಅವಳು ಇದನ್ನು ಹೇಳುತ್ತಾ ಎಡಗೈಯನ್ನು ಎರಡು ಸಲ ಕೊರಳ ಹತ್ತಿರ ತೆಗೆದುಕೊಂಡು ಹೋದಳು. ದಾರ ಸಿಗದೆ ಕೈ ಕೆಳಗೆ ಬಂತು.

"ಮಾತ್ರೆ ತಿಂದದ್ದು ನಾನು" ಅಂದೆ.

ಅವಳು ತಿರುಗಿ ನೋಡಿದಳು. "ಏನು?"

"ನಿನ್ನ ಮಾತ್ರೆ. ಡಾಕ್ಟರ್ ಚೀಟಿ ಸಿಗಲಿ ಅಂತ. ಜಿಮ್ಮಿಗೆ."

"ಎಷ್ಟು?"

"ಹದಿಮೂರು."

ಚಾಕು ಕೆಳಗಿಟ್ಟು ಕೈ ಒರೆಸಿಕೊಂಡು ಕ್ಯಾಲೆಂಡರಿನ ಹತ್ತಿರ ಹೋದಳು. ಬೆರಳಿಟ್ಟು ಎಣಿಸಿದಳು. ಮೂವತ್ತರಲ್ಲಿ ಹದಿನೇಳು ಕಳೆದಳು. "ಹದಿಮೂರೇ" ಅಂದಳು. "ರೀ, ಸರಿಹೋಯ್ತು. ಹದಿಮೂರೇ! ನಾನು ಒಂದೂ ಮರೆತಿಲ್ಲ." ಅವಳ ಮುಖದಲ್ಲಿ ಬಂದ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಬೈಯಲಿ ಅಂತ ಕಾದೆ. ಡಬ್ಬಿ ಎತ್ತಿ ಹೊಡೆದಿದ್ದರೂ ನಾನು ಉಳಿದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ಅಮ್ಮನ ಹಾಗೆ ಆಗ್ತೀನಿ ಅಂದ್ಕೊಂಡಿದ್ದೆ ಕಣ್ರೀ" ಅಂತ ಮಾತ್ರ ಮತ್ತೆ ಮತ್ತೆ ಅಂದಳು.

ಬಾಗಿಲಿಗೆ ಬೀಗ ಹಾಕಿ ಆಗಲೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವಳದು ನೂರ ಎಂಬತ್ತು ದಾಟಿತ್ತು. ನನ್ನದೂ ಜಾಸ್ತಿಯೇ ಇತ್ತು. ನಡೆದದ್ದನ್ನೆಲ್ಲ ಹೇಳಿದೆ, ಆರನೇ ಮೆಟ್ಟಿಲನ್ನೂ ಸೇರಿಸಿ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮಗೆ ಬೇಕಾಗಿದ್ದು ಚೀಟಿ. ತಪಾಸಣೆ ಯಾರಿಗೆ ಅಂದ್ಕೊಂಡಿದ್ರಿ, ನನಗಾ? ನಾನು ಕೊಟ್ಟ ಚೀಟಿ ನಂಬಿ ಆ ಹುಡುಗಿ ನಿಮ್ಮನ್ನ ಓಡಿಸಿದ್ದಾಳೆ. ಅಲ್ಲೇ ಬಿದ್ದುಹೋಗಿದ್ರೆ ನಮ್ಮಿಬ್ಬರ ಗತಿ ಏನಾಗ್ತಿತ್ತು? ಇವರದಂತೂ ಇನ್ನೆರಡು ದಿನ ಬಿಟ್ಟಿದ್ದರೆ ಯಾವುದಾದ್ರೂ ನರ ಒಡೀತಿತ್ತು." ಹೊರಗೆ ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು. ಕೇಳಿಸಲಿ ಅನ್ನಿಸಿತು.

ಮಾರನೇ ದಿನ ಅವಳು ಒಂದೇ ಒಂದು ಮಾತು ಕೇಳಿದಳು. "ನೀವೇ ಬಂದು ಅವರಿಗೆ ಹೇಳಿ. ನಾನು ಹೇಳಿದ್ರೆ ಕೆಲಸ ಉಳಿಸ್ಕೊಳ್ಳೋಕೆ ಹೇಳ್ತಿದ್ದಾಳೆ ಅಂತಾರೆ." ಹೋದೆ. ಶಿಶುವಿಹಾರದಲ್ಲಿ ದೊಡ್ಡವರಿಗೆ ಅಂತ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಮುಖ್ಯಸ್ಥರು. ನನಗೆ ಮಕ್ಕಳ ಕುರ್ಚಿ. ಮೊಣಕಾಲು ಎದೆಗೆ ತಾಗುವ ಹಾಗೆ ಕೂತು, ಹೆಂಡತಿ ಮತ್ತು ಇಬ್ಬರು ಆಯಾಗಳ ಮುಂದೆ, ಕದ್ದದ್ದು ಹೇಗೆ, ಎಷ್ಟು, ಯಾಕೆ ಅಂತ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಎಲ್ಲ ಗೊತ್ತಿದ್ದೂ ಅವಳ ಕಾಗದದ ಕಾಗುಣಿತ ತಿದ್ದಿದ್ದನ್ನೂ ಹೇಳಿದೆ. ಹೆಂಡತಿಗೆ ಆ ವಿಷಯ ಅಷ್ಟು ಹೊತ್ತು ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಅವಳು ನನ್ನ ಕಡೆ ನೋಡಿದ ನೋಟವನ್ನು ನಾನು ಹೇಳಲಾರೆ. ಮುಖ್ಯಸ್ಥರು ಡ್ರಾಯರಿನಿಂದ ನೀಲಿ ದಾರ ತೆಗೆದು ಅವಳ ಕೈಗೆ ಕೊಟ್ಟರು. ಕಾಗದವನ್ನು ಹರಿದರು.

ಈಗ ನನ್ನ ಹೆಸರಿಗೇ ಬೇರೆ ಡಬ್ಬಿ ಇದೆ, ಬೇರೆ ಮಾತ್ರೆ. ಇಸಿಜಿ, ಇನ್ನೂ ಎರಡು ಪರೀಕ್ಷೆ, ಎಲ್ಲ ಆಯಿತು. ಮೂರು ತಿಂಗಳು ನಡಿಗೆ ಮಾತ್ರ, ಅದೂ ಮಾತಾಡುತ್ತಾ ನಡೆಯುವಷ್ಟು ನಿಧಾನ ಅಂದಿದ್ದಾರೆ. ಕೋಚ್ ಹುಡುಗಿಯ ಹತ್ತಿರ ಹೋಗಿ ಆ ಎಂಟು ಪ್ರಶ್ನೆಯ ಕಾಗದ ಹೊಸದಾಗಿ ತುಂಬಿಕೊಟ್ಟು ಬಂದಿದ್ದೇನೆ, ಮೂರಕ್ಕೆ 'ಹೌದು'. ಭಾವಮೈದ ನಗಲಿಲ್ಲ. ಅಕ್ಕನ ವಿಷಯಕ್ಕೆ ನನ್ನ ಜೊತೆ ಇನ್ನೂ ನೆಟ್ಟಗೆ ಮಾತಾಡಿಲ್ಲ.

ಎಲ್ಲ ಸರಿಹೋಯಿತು ಅಂತ ಜನ ಅನ್ನುತ್ತಾರೆ. ಆದರೆ ಅವಳು ಈಗ ಮಕ್ಕಳಿಗೆ ಔಷಧಿ ಹಾಕುವ ಮೊದಲು ಪ್ರತಿ ಸಲ ಆಯಾಳನ್ನು ಕರೆದು "ನಾನಿದಕ್ಕೆ ಕೊಟ್ಟಿಲ್ಲ ತಾನೆ?" ಅಂತ ಕೇಳುತ್ತಾಳಂತೆ. ಹತ್ತೊಂಬತ್ತು ವರ್ಷ ಕೇಳದವಳು. ಕ್ಯಾಲೆಂಡರಿನ ಚುಕ್ಕೆಗಳು ನಿಂತಿಲ್ಲ. ತಾನು ಮರೆತಿಲ್ಲ ಅಂತ ಅವಳಿಗೆ ಗೊತ್ತು, ಆದರೂ ಒಂದು ಸಲ ಹೊಕ್ಕ ಹೆದರಿಕೆ ಹೋಗುತ್ತಿಲ್ಲ.

ನಿನ್ನೆ ಬೆಳಿಗ್ಗೆ ಇಬ್ಬರೂ ನಡೆಯಲು ಹೊರಟೆವು. ಬೀದಿಯ ಕೊನೆಗೆ ಬಂದಿದ್ದೆವು, ಅವಳು ನಿಂತಳು. "ಬೀಗ ಹಾಕಿದ್ನಾ?"

"ಹಾಕಿದ್ದೀಯ. ನಾನು ಪಕ್ಕದಲ್ಲೇ ನಿಂತು ನೋಡಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಮೂವತ್ತೊಂದು ವರ್ಷ ನನ್ನ ಮಾತನ್ನು ಕಣ್ಣು ಮುಚ್ಚಿ ನಂಬಿದವಳು. ಹಿಂದಕ್ಕೆ ನಡೆದು, ಮನೆಯ ಮೆಟ್ಟಿಲು ಹತ್ತಿ, ಬೀಗವನ್ನು ಕೈಯಲ್ಲಿ ಹಿಡಿದು ಎರಡು ಸಲ ಜಗ್ಗಿ ನೋಡಿದಳು. ನಾನು ಬೀದಿಯ ಕೊನೆಯಲ್ಲಿ ನಿಂತು ಅವಳು ಬರುವವರೆಗೆ ಕಾದೆ.